ಬೇಕನ್ನಿಗೆ ತಕ್ಕ ಮಾಂಸವನ್ನು ಆರಿಸುವ ಬಗೆ

ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಬೇಕನ್ ಎಂದೊಡನೆ ನೆನಪಾಗುವವನು ಪ್ರಬಂಧಕಾರನಾದ ಫ್ರಾನ್ಸಿಸ್ ಬೇಕನ್. ಈ ಹೊತ್ತಿನ ವಿಷಯವು ಆ ಮಹಾಶಯನಲ್ಲ. ಇಂಗ್ಲಿಷರು ಬೆಳಗಿನ ಉಪಾಹಾರದಲ್ಲಿ ಮೊಟ್ಟೆಯೊಡನೆ ಹುರಿದು ತಿನ್ನುವ, ಹಂದಿಯ ಮಾಂಸಕ್ಕೆ ಉಪ್ಪು ಹಿಡಿಸಿ ಮಾಡಿದ ಪದಾರ್ಥ. ಆದರೂ ಆತನ ಹೆಸರನ್ನೆತ್ತಿದುದು ನಿಷ್ಕಾರಣವಾಗಿ ಅಲ್ಲ. ಆತನು ಸಂಗ್ರಹಿಸಿದ ಚಾಟೂಕ್ತಿಗಳಲ್ಲಿ ತನ್ನ ತಂದೆಯಾದ ಸರ್ ನಿಕೊಲಾಸ್ ಬೇಕನ್ನನ ವಿಷಯವಾಗಿ ಒಂದು ಕಥೆಯುಂಟು. ಮರಣದಂಡನೆಗೆ ಗುರಿಯಾಗಿದ್ದ ಹಾಗ್ ಎಂಬ ಹೆಸರಿನವನೊಬ್ಬನು, ಹಾಗ್ ಎಂದರೆ ಹಂದಿ, ಹಂದಿಗೂ ಬೇಕನ್ನಿಗೂ ಬಾಂಧವ್ಯವಿರುವುದರಿಂದ ತನ್ನನ್ನು ನೆಂಟನೆಂದೆಣಿಸಿ ಪ್ರಾಣ ಉಳಿಸಬೇಕೆಂದು ಬೇಡಿದನಂತೆ. ನೇತುಹಾಕಿದ ಹೊರತು ಹಂದಿಯು ಬೇಕನ್ ಆಗಲಾರದೆಂಬ ಅರ್ಥದಲ್ಲಿ ಆ ನ್ಯಾಯಾಧಿಪತಿಯು ಉತ್ತರಕೊಟ್ಟನಂತೆ. ಹಾಸ್ಯವೇನೋ ಕ್ರೂರವಾದದ್ದು. ಆದರೆ ಪಾಕಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಸುಳ್ಳಿಲ್ಲ.

ಮಾಂಸವನ್ನು ಮುಟ್ಟದ ಶ್ರೋತೃಗಳು ಇಷ್ಟನ್ನು ಕೇಳಿದೊಡನೆಯೇ ಯಂತ್ರದ ಕಿವಿಯನ್ನು ಹಿಂಡಿಬಿಡಬಾರದೆಂದು ನನ್ನ ಪ್ರಾರ್ಥನೆ. ಅವರಿಗೂ ಸಂಬಂಧಿಸಿದ ಒಂದು ಸಂಗತಿಯು ಮುಂದೆ ಬರಲಿದೆ.

ಬೇಕನ್ ಎಂಬ ಶಬ್ದವು ಬೆನ್ನು ಎಂಬರ್ಥದ ಹಳೆಯ ಜರ್ಮಾನಿಕ್ ಮಾತಿನಿಂದ ಹುಟ್ಟಿ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಇಂಗ್ಲೆಂಡಿನಲ್ಲಿ ಇಂದಿಗೂ ಬೆನ್ನಿನ ಮಾಂಸದಿಂದ ಮಾಡಿದ ಬೇಕನ್ನಿಗೆ ಬಳಕೆ ಹೆಚ್ಚು. ಅಮೆರಿಕದಲ್ಲಿ ಮಾತ್ರ ಬೇಕನ್ ಎಂದರೆ ಹೊಟ್ಟೆಯ ಭಾಗವೇ. ಇಂಗ್ಲಿಷರು ಇದನ್ನು ಗೆರೆಗೆರೆಯ ಬೇಕನ್ ಎಂದು ಬೇರೆ ಹೆಸರಿನಿಂದ ಕರೆಯುವರು. ಹೀಗೆ ಬೆನ್ನಿನ ಹೆಸರು ಹೊಟ್ಟೆಗೆ ಇಳಿದುಬಂದಿದೆ. ಮನೆಯಲ್ಲಿ ಬೇಕನ್ ಮಾಡಬೇಕೆನ್ನುವವರಿಗೆ ಹೊಟ್ಟೆಯ ಭಾಗವೇ ಅನುಕೂಲ. ಅದು ಹಲಗೆಯಂತೆ ಚಪ್ಪಟೆಯಾಗಿರುವುದರಿಂದ ಉಪ್ಪು ಎಲ್ಲ ಕಡೆಗೂ ಸಮನಾಗಿ ಇಳಿಯುವುದು. ಅದರಲ್ಲಿ ಕೊಬ್ಬೂ ಕೆಂಪು ಮಾಂಸವೂ ಪದರಪದರವಾಗಿ ಕೂಡಿರುವುದರಿಂದ ಹುರಿದಾಗ ಒಣಗುವುದಿಲ್ಲ.

ಇಂತಹ ಕೆಲಸಕ್ಕೆ ಕೈಹಾಕುವವರು ಮೊದಲು ಹುಡುಕುವುದು ಉಪ್ಪಿನ ಪಾಕವಿಧಾನವನ್ನು. ಎಷ್ಟು ಉಪ್ಪು, ಎಷ್ಟು ಸಕ್ಕರೆ, ಯಾವ ಮರದ ಹೊಗೆ ಎಂದು ಪುಸ್ತಕಗಳನ್ನು ತಿರುವಿಹಾಕುವರು. ನನಗೆ ತೋರುವಮಟ್ಟಿಗೆ ಇದು ಬಾಲದಿಂದ ಆರಂಭಿಸಿದ ಹಾಗೆ. ಉಪ್ಪಿನ ಲೆಕ್ಕವು ಎಲ್ಲೆಲ್ಲಿಯೂ ಹೆಚ್ಚುಕಡಿಮೆ ಒಂದೇ. ಒಂದು ಮನೆಯ ಬೇಕನ್ನಿಗೂ ಇನ್ನೊಂದು ಮನೆಯದಕ್ಕೂ ಇರುವ ವ್ಯತ್ಯಾಸವೆಲ್ಲ ಉಪ್ಪು ಬೀಳುವುದಕ್ಕೆ ಮುಂಚೆಯೇ ನಿಶ್ಚಯವಾಗಿ ಹೋಗಿರುತ್ತದೆ. ಹಂದಿಯು ಏನನ್ನು ತಿಂದಿತು, ಎಲ್ಲಿ ಬೆಳೆಯಿತು, ಹೇಗೆ ಸತ್ತಿತು ಎಂಬ ಮೂರು ಸಂಗತಿಗಳು ಆ ಮಾಂಸದ ಹಲಗೆಯಲ್ಲಿ ಬರೆದಿಟ್ಟಂತೆ ಇರುವುವು. ಕೊಳ್ಳತಕ್ಕವನು ಆ ಬರಹವನ್ನು ಓದಲು ಕಲಿತರೆ ಸಾಕು.

ಇಂಗ್ಲೆಂಡಿನ ಹಳ್ಳಿಗರಿಗೆ ಈ ಓದು ಸಹಜವಾಗಿಯೇ ತಿಳಿದಿತ್ತು. ಹಂದಿಯು ಅವರ ಹಿತ್ತಲಲ್ಲಿಯೇ ಬೆಳೆಯುತ್ತಿತ್ತಷ್ಟೆ. ವಿಲಿಯಂ ಕಾಬೆಟ್ ಎಂಬ ಪ್ರಸಿದ್ಧ ಲೇಖಕನು ೧೮೨೧-೨೨ರಲ್ಲಿ ಪ್ರಕಟಿಸಿದ ‘ಕಾಟೇಜ್ ಎಕಾನಮಿ’ ಎಂಬ ಗ್ರಂಥದಲ್ಲಿ, ಕೂಲಿಕಾರನ ಗುಡಿಸಲಿನಲ್ಲಿ ಬೇಕನ್ನಿನ ಒಂದೆರಡು ಹಲಗೆಗಳು ತೂಗಾಡುತ್ತಿದ್ದರೆ ಆ ಸಂಸಾರಕ್ಕೆ ಆಗುವ ಉಪಕಾರವು ಉಪದೇಶಗಳಿಂದ ಆಗಲಾರದೆಂದು ವಾದಿಸಿದನು. ಇನ್ನೂರು ಗಜ ನಡೆಯಬಲ್ಲ ಹಂದಿಯು ಸಾಕಷ್ಟು ಕೊಬ್ಬಿಲ್ಲವೆಂಬುದು ಆತನ ಮತ. ಇಂದಿನ ವೈದ್ಯರು ಇದನ್ನು ಕೇಳಿ ಬೆಚ್ಚಿಬೀಳಬಹುದು. ಆದರೆ ಇಡೀ ದಿನ ಹೊಲದಲ್ಲಿ ದುಡಿಯುವವನಿಗೆ ಅಗ್ಗವಾಗಿ ಬಲ ಕೊಡುವ ವಸ್ತು ಅದೊಂದೇ ಆಗಿತ್ತೆಂಬುದನ್ನು ನೆನೆದರೆ ಕಾಬೆಟ್ಟನ ಮಾತು ಅಷ್ಟೇನೂ ವಿಪರೀತವಲ್ಲ.

ಆಗ ಬೇಕನ್ ಮಾಡುವುದು ಚಳಿಗಾಲದ ಕೆಲಸ. ಬೇಸಗೆಯಲ್ಲಿ ಉಪ್ಪು ಮೂಳೆಯವರೆಗೆ ಇಳಿಯುವ ಮೊದಲೇ ಒಳಗಿನಿಂದ ಕೊಳೆಯುವ ಭಯವಿತ್ತು. ವಿಲ್ಟ್‌ಷೈರ್ ಪ್ರಾಂತದ ಕಾನ್ ಎಂಬ ಪಟ್ಟಣದ ಹ್ಯಾರಿಸ್ ಮನೆತನದವರು ೧೮೫೬ರ ಸುಮಾರಿಗೆ ಮಂಜುಗಡ್ಡೆಯ ಮನೆಯನ್ನು ಕಟ್ಟಿ, ವರ್ಷದುದ್ದಕ್ಕೂ ಕಡಮೆ ಉಪ್ಪಿನಲ್ಲಿ ಬೇಕನ್ ಮಾಡುವ ಪದ್ಧತಿಯನ್ನು ರೂಢಿಗೆ ತಂದರು. ಅವರ ಕಾರ್ಖಾನೆ ೧೯೮೨ರಲ್ಲಿ ಮುಚ್ಚಿತು. ವಿಲ್ಟ್‌ಷೈರ್ ಎಂಬ ಹೆಸರು ಮಾತ್ರ ಉಪ್ಪುನೀರಿನಲ್ಲಿ ಅದ್ದಿ ಹದಮಾಡುವ ಕ್ರಮಕ್ಕೆ ಅಂಟಿಕೊಂಡೇ ಉಳಿದಿದೆ. ಎರಡನೆಯ ಮಹಾಯುದ್ಧದಲ್ಲಿ, ೧೯೪೦ರ ಜನವರಿ ೮ರಿಂದ, ಬ್ರಿಟನ್ನಿನಲ್ಲಿ ಬೇಕನ್ನಿಗೆ ಪಡಿತರವನ್ನು ಗೊತ್ತುಮಾಡಿದಾಗ ಜನರು ಮತ್ತೆ ಹಿತ್ತಲಿನ ಹಂದಿಗೇ ಮರಳಿದರು. ನೆರೆಹೊರೆಯವರು ಕೂಡಿ ಹಂದಿ ಸಾಕುವ ಸಂಘಗಳನ್ನು ಕಟ್ಟಿ, ಅಡುಗೆಮನೆಯ ಉಳಿಕೆಗಳಿಂದ ಅವನ್ನು ಬೆಳೆಸಿದರು. ಮಾಂಸದ ಪಡಿತರವು ಕೊನೆಗೊಂಡುದು ೧೯೫೪ರ ಜುಲೈಯಲ್ಲಿ.

ಇನ್ನು ಆಹಾರದ ವಿಷಯ. ಹಸುವಿಗೂ ಹಂದಿಗೂ ಇಲ್ಲಿ ದೊಡ್ಡ ಭೇದವಿದೆ. ಮೆಲುಕುಹಾಕುವ ಪ್ರಾಣಿಯು ತಿಂದ ಎಣ್ಣೆಯ ಅಂಶವನ್ನು ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮಾರ್ಪಡಿಸಿ ಗಟ್ಟಿಯಾದ ಕೊಬ್ಬಿಗೆ ಅನುಕೂಲವಾಗುವಂತೆ ಮಾಡುವುವು. ಹಂದಿಗೆ ಅಂತಹ ಏರ್ಪಾಡಿಲ್ಲ. ಅದು ತಿಂದ ಎಣ್ಣೆಯು ಬಹುಮಟ್ಟಿಗೆ ಇದ್ದ ರೂಪದಲ್ಲಿಯೇ ಅದರ ಕೊಬ್ಬಿನಲ್ಲಿ ಹೋಗಿ ನೆಲಸುವುದು. ಬಾರ್ಲಿ, ಬೇಯಿಸಿದ ಆಲೂಗೆಡ್ಡೆ, ಕೆನೆ ತೆಗೆದ ಹಾಲು, ಇವುಗಳಿಂದ ಬೆಳೆದ ಹಂದಿಯ ಕೊಬ್ಬು ಬೆಳ್ಳಗೆ ಗಟ್ಟಿಯಾಗಿರುವುದು. ಡೆನ್ಮಾರ್ಕಿನ ರೈತರು ಬೆಣ್ಣೆ ತೆಗೆದು ಮಿಕ್ಕ ಹಾಲನ್ನು ಹಂದಿಗೆ ಹಾಕಿಯೇ ಇಂಗ್ಲೆಂಡಿನ ಪೇಟೆಯನ್ನು ಗೆದ್ದರು. ಜರ್ಮನಿಯು ಅವರ ಜೀವಂತ ಹಂದಿಗಳನ್ನು ಒಳಕ್ಕೆ ಬಿಡದೆ ಹೋದ ೧೮೮೭ರಲ್ಲಿಯೇ ಹಾರ್ಸೆನ್ಸ್ ಎಂಬ ಊರಿನಲ್ಲಿ ಅವರ ಮೊದಲನೆಯ ಸಹಕಾರಿ ಬೇಕನ್ ಕಾರ್ಖಾನೆ ಆರಂಭವಾಯಿತು. ಇದಕ್ಕೆ ಪ್ರತಿಯಾಗಿ, ಕಡಲೆಕಾಯಿ, ಎಣ್ಣೆ ತೆಗೆಯದ ಅಕ್ಕಿಯ ತೌಡು, ಇವನ್ನು ಯಥೇಚ್ಛವಾಗಿ ತಿಂದ ಹಂದಿಯ ಕೊಬ್ಬು ಮೆತ್ತಗೆ ಜಿಡ್ಡುಜಿಡ್ಡಾಗಿ, ಎಷ್ಟು ತಣ್ಣಗಿಟ್ಟರೂ ಬಿಗಿಯುವುದಿಲ್ಲ. ಮೀನಿನ ಕಸವನ್ನು ತಿಂದುದರಲ್ಲಿ ಮೀನಿನ ವಾಸನೆಯೇ ಬರುವುದು. ಮೆತ್ತನೆಯ ಕೊಬ್ಬಿನ ಬೇಕನ್ನನ್ನು ತೆಳ್ಳಗೆ ಕೊಯ್ಯಲಾಗುವುದಿಲ್ಲ, ಬಾಣಲೆಗೆ ಬಿದ್ದೊಡನೆ ಕರಗಿ ಹೋಗುವುದು, ಬಹುಬೇಗ ಕಮಟುವುದು.

ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ತಣ್ಣಗಿರುವ ಹಲಗೆಯ ಕೊಬ್ಬನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿಯು ನಿಲ್ಲಬಾರದು. ಬೆರಳಿಗೆ ಎಣ್ಣೆ ಹತ್ತಬಾರದು. ಹಲಗೆಯನ್ನು ಮಧ್ಯದಲ್ಲಿ ಒಂದು ಕೋಲಿನ ಮೇಲೆ ಅಡ್ಡಲಾಗಿ ಇಟ್ಟರೆ ಅದರ ಎರಡು ಕೊನೆಗಳೂ ಒದ್ದೆಬಟ್ಟೆಯಂತೆ ಜೋತುಬೀಳಬಾರದು, ಬಿಗಿಯಾಗಿ ಚಾಚಿಕೊಂಡಿರಬೇಕು. ಮಾಂಸದ ಕಾರ್ಖಾನೆಗಳಲ್ಲಿ ಪರೀಕ್ಷಕರು ಮಾಡುವುದೂ ಇದನ್ನೇ. ಎರಡು ಕೊನೆಗಳ ನಡುವಣ ಅಂತರವನ್ನು ಅವರು ಅಳತೆಗೋಲಿನಿಂದ ಅಳೆಯುವರು, ಅಷ್ಟೇ ಹೆಚ್ಚು.

ಕೊಬ್ಬು ಎಷ್ಟಿರಬೇಕೆಂಬ ಪ್ರಶ್ನೆಗೆ ಕಾಬೆಟ್ಟನ ಉತ್ತರವನ್ನು ಈಗ ಯಾರೂ ಒಪ್ಪಲಾರರು. ಯುದ್ಧಾನಂತರದ ದಶಕಗಳಲ್ಲಿ ಜನರ ಅಭಿರುಚಿಯು ಬದಲಾಗಿ, ತಳಿಗಾರರು ಹಂದಿಯನ್ನು ವರ್ಷೇವರ್ಷೇ ತೆಳ್ಳಗಾಗಿಸುತ್ತ ಬಂದರು. ಈ ಉತ್ಸಾಹವು ಸ್ವಲ್ಪ ಅತಿಯಾಯಿತೆಂದು ನನ್ನ ಅಭಿಪ್ರಾಯ. ಬಹಳ ಎಳೆಯ, ಬಹಳ ತೆಳುವಾದ ಹಂದಿಯ ಹೊಟ್ಟೆಯು ಒಂದು ಅಂಗುಲವೂ ದಪ್ಪವಿರುವುದಿಲ್ಲ. ಅದಕ್ಕೆ ಉಪ್ಪು ಹಾಕಿದರೆ ಬರುವುದು ಬೇಕನ್ನಲ್ಲ, ಉಪ್ಪಿನ ತೊಗಲು. ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ ಸುಮಾರು ೬೦ ಕಿಲೋಗ್ರಾಂ ತೂಗುವ ಹಂದಿಯು ಹಸಿಮಾಂಸಕ್ಕೆ, ೯೦ರಿಂದ ೧೦೦ ಕಿಲೋಗ್ರಾಂ ತೂಗುವುದು ಬೇಕನ್ನಿಗೆ. ಈ ವಿಂಗಡಣೆಯು ಈಗಲೂ ಒಳ್ಳೆಯ ಮಾರ್ಗದರ್ಶಿ. ಒಂದೂವರೆ ಅಂಗುಲ ದಪ್ಪವಿದ್ದು, ಅಡ್ಡಕೊಯ್ತದಲ್ಲಿ ಕೆಂಪೂ ಬಿಳುಪೂ ಹೆಚ್ಚುಕಡಿಮೆ ಸಮಸಮನಾಗಿ ಕಾಣುವ ಹಲಗೆಯನ್ನು ಆರಿಸತಕ್ಕದ್ದು. ಅದರಲ್ಲಿಯೂ ಮುಂಗಾಲಿನ ಕಡೆಯ ಭಾಗವು ದಪ್ಪ, ಹಿಂಗಾಲಿನ ಕಡೆಯದು ತೆಳು. ನಡುವಣ ತುಂಡನ್ನು ಕೇಳಿ ಪಡೆಯುವುದು ಜಾಣತನ.

ಹಂದಿಯು ಸತ್ತ ಬಗೆಯು ಮಾಂಸದಲ್ಲಿ ತೋರುವುದೆಂದರೆ ಕೆಲವರು ನಂಬದೆ ಇರಬಹುದು. ಪ್ರಾಣಿಯ ಮಾಂಸಖಂಡಗಳಲ್ಲಿ ಗ್ಲೈಕೊಜನ್ ಎಂಬ, ಪಿಷ್ಟವನ್ನು ಹೋಲುವ ಪದಾರ್ಥವೊಂದು ಸಂಗ್ರಹವಾಗಿರುತ್ತದೆ. ಪ್ರಾಣ ಹೋದ ಮೇಲೆ ಅದು ಮೆಲ್ಲಮೆಲ್ಲನೆ ಆಮ್ಲವಾಗಿ ಮಾರ್ಪಟ್ಟು ಮಾಂಸವನ್ನು ಕೆಡದಂತೆ ಸ್ವಲ್ಪಮಟ್ಟಿಗೆ ಕಾಪಾಡುವುದು. ಕೊಲ್ಲುವ ಗಳಿಗೆಯಲ್ಲಿ ಹಂದಿಯನ್ನು ಬೆದರಿಸಿ ಅಟ್ಟಾಡಿಸಿದರೆ ಮೈ ಬಿಸಿಯಾಗಿರುವಾಗಲೇ ಆ ಆಮ್ಲವು ಒಮ್ಮೆಲೇ ಹುಟ್ಟಿ ಮಾಂಸವು ಬಿಳಿಚಿಕೊಂಡು, ಸಡಿಲವಾಗಿ, ನೀರು ಒಸರತೊಡಗುವುದು. ಇಂತಹ ಹಲಗೆಯು ತಟ್ಟೆಯಲ್ಲಿ ನೀರಿನ ಮಡುವಿನಲ್ಲಿ ಮಲಗಿರುವುದನ್ನು ಕಂಡರೆ ಮುಂದಕ್ಕೆ ಹೋಗುವುದೇ ಲೇಸು. ಇದಕ್ಕೆ ವಿರುದ್ಧವಾಗಿ, ದಿನಗಟ್ಟಲೆ ಗಾಡಿಯಲ್ಲಿ ಸಾಗಿಸಿ ಬಳಲಿಸಿದ ಹಂದಿಯಲ್ಲಿ ಗ್ಲೈಕೊಜನ್ ಮೊದಲೇ ತೀರಿಹೋಗಿರುವುದರಿಂದ ಆಮ್ಲವು ಸಾಲದೆ ಮಾಂಸವು ಕಪ್ಪಗೆ, ಒಣಗಿದಂತೆ, ಅಂಟಂಟಾಗಿ ತೋರುವುದು. ಇದು ಉಪ್ಪು ಹಾಕಿದರೂ ಬೇಗ ಕೆಡುವ ಮಾಂಸ. ಒಳ್ಳೆಯದರ ಬಣ್ಣವು ತಿಳಿಗೆಂಪು. ಮೇಲ್ಮೈ ತೇವವಾಗಿದ್ದರೂ ನೀರು ಸುರಿಯುವುದಿಲ್ಲ. ಹಂದಿಗೆ ಹಿಂದಿನ ದಿನ ಆಹಾರ ಕೊಡದೆ, ಗದ್ದಲವಿಲ್ಲದೆ ಕೊಲ್ಲಬೇಕೆಂಬುದು ಹಳ್ಳಿಯ ಹಿರಿಯರ ನಿಯಮ. ಅವರಿಗೆ ರಸಾಯನಶಾಸ್ತ್ರವು ತಿಳಿದಿರಲಿಲ್ಲ, ಫಲವು ತಿಳಿದಿತ್ತು.

ಬೀಜ ತೆಗೆಯದೆ ಬೆಳೆಸಿದ ದೊಡ್ಡ ಗಂಡುಹಂದಿಯ ಕೊಬ್ಬು ಕಾದಾಗ ಮೂತ್ರದ ವಾಸನೆಯನ್ನು ಹೋಲುವ ಒಂದು ದುರ್ಗಂಧವನ್ನು ಬಿಡುವುದುಂಟು. ಉಪ್ಪಾಗಲಿ ಹೊಗೆಯಾಗಲಿ ಇದನ್ನು ನಂಬಿಕೆಯಾಗಿ ಮುಚ್ಚಲಾರವು. ಅನುಮಾನವಿದ್ದರೆ ಕೊಬ್ಬಿನ ಒಂದು ಚೂರನ್ನು ಮೊದಲು ಮನೆಗೆ ತಂದು ಬಾಣಲೆಯಲ್ಲಿ ಕಾಯಿಸಿ ನೋಡಿ, ಆಮೇಲೆ ಹಲಗೆಯನ್ನು ಕೊಳ್ಳಬಹುದು.

ಈಗ ಅಂಗಡಿ. ಇಂಗ್ಲೆಂಡಿನಲ್ಲಿಯೂ ದೊಡ್ಡ ಮಳಿಗೆಗಳ ತಟ್ಟೆಗಳಲ್ಲಿ ಸಿಕ್ಕುವ ಹೊಟ್ಟೆಯ ಮಾಂಸವು ಸೀಳುಸೀಳಾಗಿ ಕೊಯ್ದದ್ದು, ಇಲ್ಲವೆ ಹುರಿಯುವುದಕ್ಕೆಂದು ತೊಗಲನ್ನು ಗೀರಿದ್ದು; ಬೇಕನ್ನಿಗೆ ಎರಡೂ ಬಾರವು. ಅಲ್ಲಿನವರು ಊರಿನ ಮಾಂಸದಂಗಡಿಯವನಿಗೆ ಮುಂಗಡವಾಗಿ ಹೇಳಿ ಇಡೀ ಹಲಗೆಯನ್ನು ತರಿಸುವರು. ಟ್ಯಾಮ್‌ವರ್ತ್ ಎಂಬ ಕೆಂಗೂದಲಿನ ಹಳೆಯ ತಳಿಗೆ ಬೇಕನ್ನಿನ ಹಂದಿಯೆಂದೇ ಹೆಸರು. ನಮ್ಮಲ್ಲಿಯೂ ಉಪಾಯವು ಅದೇ. ನಮ್ಮ ಅಂಗಡಿಗಳಲ್ಲಿ ಮಾಂಸವನ್ನು ಸಾರಿಗೆ ತಕ್ಕ ತುಂಡುಗಳಾಗಿ ಕಡಿಯುವುದು ವಾಡಿಕೆಯಾದ್ದರಿಂದ, ಕತ್ತಿ ಬೀಳುವ ಮುಂಚೆ, ಎಂದರೆ ಹಿಂದಿನ ದಿನವೇ, ಹೇಳಿಟ್ಟಿರಬೇಕು: ಹೊಟ್ಟೆಯ ಭಾಗವು ಒಂದೇ ಹಲಗೆಯಾಗಿರಲಿ, ತೊಗಲು ಹಾಗೆಯೇ ಇರಲಿ, ಪಕ್ಕೆಲುಬನ್ನು ಮಾತ್ರ ಬಿಡಿಸಿಕೊಡಿ ಎಂದು. ಕೊಡಗಿನವರು ಕೊಳ್ಳುವ ಅಂಗಡಿಯಿದ್ದರೆ ಇನ್ನೂ ಅನುಕೂಲ. ಕಾಚಂಪುಳಿ ಹಾಕಿ ಮಾಡುವ ಅವರ ಪಂದಿಕರಿಗೆ ತೊಗಲೂ ಕೊಬ್ಬೂ ಕೂಡಿದ ಮಾಂಸವೇ ಬೇಕಾದ್ದರಿಂದ ಆ ಅಂಗಡಿಯವನಿಗೆ ಇವುಗಳ ಬೆಲೆ ಗೊತ್ತಿರುತ್ತದೆ. ಮಂಗಳೂರಿನ ಕ್ರೈಸ್ತರಿಗೂ ಹಬ್ಬದೂಟದಲ್ಲಿ ಹಂದಿಯ ಮಾಂಸವು ಬೇಕೇಬೇಕಾದದ್ದು. ಅವರ ಗಿರಾಕಿಯುಳ್ಳ ಅಂಗಡಿಗಳನ್ನೂ ಹುಡುಕಬಹುದು.

ಕಪ್ಪು ಹಂದಿಯ ಹೊಟ್ಟೆಯ ಕೊಯ್ತದಲ್ಲಿ ಕೆಲವು ವೇಳೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಾಣುವುದುಂಟು. ಹೆಣ್ಣುಹಂದಿಯ ಕೆಚ್ಚಲಿನ ಅಂಶದಲ್ಲಿ ತೊಗಲಿನ ಬಣ್ಣವೇ ಸೇರಿಕೊಂಡದ್ದು ಅದು, ರೋಗವಲ್ಲ. ನೋಟಕ್ಕೆ ಹಿತವಲ್ಲವೆಂದು ಕೊಯ್ದು ತೆಗೆಯುವರು.

ರೋಗದ ಗುರುತು ಬೇರೆ. ಮಾಂಸವನ್ನು ಮುಟ್ಟದ ಶ್ರೋತೃಗಳಿಗೆ ನಾನು ಹೇಳಿದ್ದ ಸಂಗತಿಯು ಇದೇ. ಕೆಂಪು ಮಾಂಸದ ನಡುವೆ ಅಕ್ಕಿಕಾಳಿನಿಂದ ಬಟಾಣಿಯವರೆಗಿನ ಗಾತ್ರದ, ನೀರು ತುಂಬಿದ, ಒಳಗೆ ಬಿಳಿಯ ಚುಕ್ಕೆಯುಳ್ಳ ಸಣ್ಣ ಗುಳ್ಳೆಗಳು ಕಂಡರೆ ಆ ಮಾಂಸವನ್ನು ಯಾವ ಬೆಲೆಗೂ ಕೊಳ್ಳಕೂಡದು. ಅವು ಲಾಡಿಹುಳುವಿನ ಮರಿಗಳು. ಇವೇ ಮನುಷ್ಯನ ಕರುಳಿನಲ್ಲಿ ಲಾಡಿಹುಳುವಾಗಿ ಬೆಳೆಯುವುವೆಂಬುದನ್ನು ಜರ್ಮನಿಯ ಕ್ಯೂಷೆನ್‌ಮೈಸ್ಟರ್ ಎಂಬ ವೈದ್ಯನು ೧೮೫೫ರಲ್ಲಿ ಮರಣದಂಡನೆಗೆ ಗುರಿಯಾದ ಅಪರಾಧಿಯೊಬ್ಬನಿಗೆ ಅವನ್ನು ಆಹಾರದಲ್ಲಿ ಬೆರೆಸಿ ಕೊಟ್ಟು ತೋರಿಸಿದನು. ವಿಜ್ಞಾನದ ಇತಿಹಾಸದಲ್ಲಿ ಇದು ಹೆಮ್ಮೆಪಡತಕ್ಕ ಅಧ್ಯಾಯವೇನೂ ಅಲ್ಲ. ಆದರೆ ಆ ವೃತ್ತದ ಇನ್ನೊಂದು ಅರ್ಧವು ಇದಕ್ಕಿಂತಲೂ ಭಯಂಕರ. ಕರುಳಿನಲ್ಲಿ ಲಾಡಿಹುಳುವಿರುವ ಮನುಷ್ಯನ ಮಲದಲ್ಲಿ ಹುಳುವಿನ ಮೊಟ್ಟೆಗಳು ಹೊರಬೀಳುವುವು. ಬಯಲಿನಲ್ಲಿ ಬಿದ್ದುದನ್ನು ಅಲೆಮಾರಿ ಹಂದಿಯು ತಿಂದರೆ ಅದರ ಮಾಂಸದಲ್ಲಿ ಗುಳ್ಳೆಗಳು ಏಳುವುವು. ಅದೇ ಮೊಟ್ಟೆಗಳು ಕೊಳಕು ನೀರಿನ ಮೂಲಕವೋ, ತೊಳೆಯದ ಸೊಪ್ಪುತರಕಾರಿಗಳ ಮೂಲಕವೋ, ಅಡುಗೆಯವರ ಕೈಯ ಮೂಲಕವೋ ಮನುಷ್ಯನ ಹೊಟ್ಟೆಗೆ ಸೇರಿದರೆ ಗುಳ್ಳೆಗಳು ಅವನ ಮೆದುಳಿನಲ್ಲಿಯೇ ಏಳಬಹುದು. ನಮ್ಮ ದೇಶದಲ್ಲಿ ಅಪಸ್ಮಾರಕ್ಕೆ, ಎಂದರೆ ಮೂರ್ಛೆರೋಗಕ್ಕೆ, ಇರುವ ಮುಖ್ಯ ಕಾರಣಗಳಲ್ಲಿ ಇದೊಂದು. ಜನ್ಮದಲ್ಲಿ ಮಾಂಸವನ್ನು ಮುಟ್ಟದವರಿಗೂ ಇದು ಬರುವುದು. ಆದುದರಿಂದ ನೆರೆಮನೆಯವನು ಎಂತಹ ಹಂದಿಯನ್ನು ಕೊಳ್ಳುವನೆಂಬುದೂ ಊರಿನಲ್ಲಿ ಕಕ್ಕಸುಗಳಿವೆಯೇ ಎಂಬುದೂ ಸಸ್ಯಾಹಾರಿಗೆ ಹೊರಗಿನ ವಿಷಯಗಳಲ್ಲ.

ಬೀದಿಯಲ್ಲಿ ಅಲೆದು ಬೆಳೆದ ಹಂದಿಯ ಮಾಂಸವನ್ನು, ಅದು ಎಷ್ಟೇ ಅಗ್ಗವಾದರೂ, ಮನೆಯೊಳಕ್ಕೆ ತರಬಾರದು. ಕೊಟ್ಟಿಗೆಯಲ್ಲಿ ಕಟ್ಟಿ ಧಾನ್ಯ ಹಾಕಿ ಸಾಕಿದ ಹಂದಿ, ವೈದ್ಯನು ಪರೀಕ್ಷಿಸಿದ ಮಾಂಸ, ಇವೆರಡನ್ನೂ ವಿಚಾರಿಸಬೇಕು. ಸಾಧ್ಯವಾದರೆ ಸಾಕುವವನಲ್ಲಿಗೆ ಒಮ್ಮೆ ಹೋಗಿ ಕೊಟ್ಟಿಗೆಯನ್ನೂ ಮೇವಿನ ತೊಟ್ಟಿಯನ್ನೂ ಕಣ್ಣಾರೆ ನೋಡಿಬರುವುದು ಎಲ್ಲಕ್ಕಿಂತ ಮೇಲು. ಬ್ರಿಟನ್ನಿನಲ್ಲಿ ೨೦೦೧ರ ಕಾಲುಬಾಯಿ ರೋಗದ ಹಾವಳಿಯಾದ ಮೇಲೆ, ಯುದ್ಧಕಾಲದಲ್ಲಿ ಅಷ್ಟೊಂದು ಹೊಗಳಿಸಿಕೊಂಡಿದ್ದ ಉಳಿಕೆಯ ಮೇವನ್ನೇ ಕಾನೂನಿನಿಂದ ನಿಷೇಧಿಸಿದರು. ಮನೆಯಲ್ಲಿ ಹದಮಾಡುವಷ್ಟು ಉಪ್ಪು ಈ ಗುಳ್ಳೆಗಳನ್ನು ಕೊಲ್ಲುವುದೆಂದು ನಂಬಕೂಡದು. ಬೆಂಕಿಯು ಕೊಲ್ಲುವುದು; ಬೇಕನ್ನನ್ನು ಹಸಿಯಾಗಿ ತಿನ್ನುವ ಮಾತೇ ಇಲ್ಲ.

ಒಳ್ಳೆಯ ಹಲಗೆಯು ಕೈಗೆ ಬಂದ ಮೇಲೆ ಉಳಿದ ಕೆಲಸವು ಸುಲಭ. ಹಿಂದಿನವರು ಉಪ್ಪಿನೊಡನೆ ಪೆಟ್ಲುಪ್ಪನ್ನು ಬೆರೆಸುತ್ತಿದ್ದರು. ನಮ್ಮ ಬಿಹಾರದಿಂದ ಮದ್ದುಗುಂಡಿಗಾಗಿ ಹಡಗುಗಟ್ಟಲೆ ಯೂರೋಪಿಗೆ ಹೋಗುತ್ತಿದ್ದ ಪದಾರ್ಥವೂ ಇದೇ. ಮಾಂಸದಲ್ಲಿ ಇದು ಸೂಕ್ಷ್ಮಜೀವಿಗಳಿಂದ ನೈಟ್ರೈಟ್ ಎಂಬ ಲವಣವಾಗಿ ಮಾರ್ಪಟ್ಟು ಬೇಕನ್ನಿಗೆ ಆ ಗುಲಾಬಿಗೆಂಪನ್ನು ಕೊಡುವುದು. ಬಾಟ್ಯುಲಿಸಂ ಎಂಬ ಮಾರಕ ವಿಷವು ಹುಟ್ಟದಂತೆಯೂ ತಡೆಯುವುದು. ಈಗ ನೈಟ್ರೈಟನ್ನು ನೂರಕ್ಕೆ ೬.೨೫ ಪಾಲಿನಂತೆ ಅಡುಗೆಯುಪ್ಪಿನಲ್ಲಿ ಬೆರೆಸಿ, ಗುರುತಿಗಾಗಿ ಗುಲಾಬಿ ಬಣ್ಣ ಹಾಕಿ ಮಾರುವರು. ಒಂದು ಕಿಲೋಗ್ರಾಂ ಮಾಂಸಕ್ಕೆ ಈ ಉಪ್ಪು ೨.೫ ಗ್ರಾಂ, ಸಾದಾ ಉಪ್ಪು ೨೨ ಗ್ರಾಂ, ಸಕ್ಕರೆ ೧೦ ಗ್ರಾಂ. ಗುಲಾಬಿ ಉಪ್ಪನ್ನು ಕಣ್ಣಳತೆಯಲ್ಲಿ ಹಾಕುವುದು ಅಪಾಯ. ಸಣ್ಣ ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು, ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು. ಎಲ್ಲವನ್ನೂ ಹಲಗೆಗೆ ತಿಕ್ಕಿ, ಚೀಲದಲ್ಲಿ ಕಟ್ಟಿ, ಫ್ರಿಜ್ಜಿನಲ್ಲಿ ೪ ಡಿಗ್ರಿ ಸೆಲ್ಸಿಯಸ್ಸಿಗೆ ಮೀರದಂತೆ ಏಳೆಂಟು ದಿನ ಇಟ್ಟು ದಿನಕ್ಕೊಮ್ಮೆ ಮಗುಚತಕ್ಕದ್ದು. ಅನಂತರ ತೊಳೆದು, ಒಂದು ದಿನ ಅಲ್ಲಿಯೇ ಒಣಗಗೊಟ್ಟು, ಸಣ್ಣ ಉರಿಯ ಓವನ್ನಿನಲ್ಲಾಗಲಿ ಬಿಸಿಹೊಗೆಯಲ್ಲಾಗಲಿ ಒಳಭಾಗವು ೬೫ ಡಿಗ್ರಿ ಮುಟ್ಟುವವರೆಗೆ ಕಾಯಿಸಿದರೆ ಬೇಕನ್ ಆಯಿತು. ಇದನ್ನು ತಿನ್ನುವ ಮೊದಲು ಮತ್ತೆ ಹುರಿಯುವುದಿದ್ದೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಮಂಡಲಿಯು ೨೦೧೫ರಲ್ಲಿ ಇಂತಹ ಹದಮಾಡಿದ ಮಾಂಸಗಳನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಗೆ ಸೇರಿಸಿರುವುದರಿಂದ, ದಿನದಿನದ ಊಟವಾಗಿ ಅಲ್ಲದೆ ಅಪರೂಪದ ರುಚಿಯಾಗಿ ಇದನ್ನು ಇಟ್ಟುಕೊಳ್ಳುವುದು ಮೇಲು.

ತಣ್ಣಗಾದ ಮೇಲೆ ತೊಗಲನ್ನು ಹರಿತವಾದ ಚೂರಿಯಿಂದ ಬಿಡಿಸಿ ಬೇರೆ ಇಡಬೇಕು. ಅದನ್ನು ಎಸೆಯಬಾರದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಟಾಣಿಬೇಳೆಯ ಗಂಜಿಗೆ ಅದರ ಚೂರುಗಳನ್ನು ಹಾಕುವರು; ನಮ್ಮ ಅವರೆಕಾಳಿನ ಜೊತೆಯಲ್ಲಿಯೂ ಅದು ಚೆನ್ನಾಗಿಯೇ ಬೇಯುವುದು. ಆ ದಿನ ಪಾತ್ರೆಗೆ ಉಪ್ಪನ್ನು ಮಾತ್ರ ಕೊನೆಯಲ್ಲಿ ರುಚಿ ನೋಡಿ ಹಾಕತಕ್ಕದ್ದು.